ದಾಂಪತ್ಯ ಮತ್ತು ಕುಟುಂಬ: ಆಪ್ತಸಮಾಲೋಚನೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಆಪ್ತಸಮಾಲೋಚನೆಗೆ ಬಂದವರು ತಮ್ಮ ಸಂಕಟ ಹೇಳಿಕೊಳ್ಳುತ್ತಿರುವಾಗ ನನ್ನ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ, ಈ ಮಾತನ್ನು ಯಾರಿಗೆ ಹೇಳಬೇಕಿತ್ತೋ ಅವರಿಗೆ ಇವರು ಒಮ್ಮೆಯಾದರೂ ಹೇಳಿದ್ದಾರೆಯೇ ಎಂಬುದು. ಹೆಚ್ಚಿನ ಸಲ ಹೇಳಿರುವುದಿಲ್ಲ. ಗಂಡನಿಗೆ ಹೇಳಬೇಕಾದದ್ದು ತವರಿನ ತಾಯಿಯ ಕಿವಿಗೆ, ತಾಯಿಗೆ ಹೇಳಬೇಕಾದದ್ದು ಹೆಂಡತಿಯ ಕಿವಿಗೆ, ಅಣ್ಣನಿಗೆ ಹೇಳಬೇಕಾದದ್ದು ಊರಿನ ಹಿರಿಯರ ಕಿವಿಗೆ ಬಿದ್ದಿರುತ್ತದೆ. ಹೀಗೆ ಸುತ್ತು ಹೊಡೆದು ಬರುವಷ್ಟರಲ್ಲಿ ಇನ್ನೊಬ್ಬರ ಸಿಟ್ಟು, ಮತ್ತೊಬ್ಬರ ಭಯ ಸೇರಿಕೊಂಡು ಅದು ಬೇರೆಯೇ ಮಾತಾಗಿರುತ್ತದೆ. ಕೆಳಗಿನ ಉತ್ತರಗಳಲ್ಲಿ ಬಹುಪಾಲು ಈ ಅನುಭವದಿಂದಲೇ ಹುಟ್ಟಿದವು. ಇಲ್ಲಿ ಬರುವ ಸಂದರ್ಭಗಳನ್ನು ಹಲವು ಮನೆಗಳಲ್ಲಿ ಕಂಡದ್ದನ್ನು ಬೆರೆಸಿ ಬರೆದಿದ್ದೇನೆ. ಯಾವುದೇ ಒಂದು ಮನೆಯ ಕಥೆ ಇಲ್ಲಿಲ್ಲ.

ಸಮಾಲೋಚಕರ ಬಳಿ ಹೋಗುವುದೆಂದರೆ ಮದುವೆ ಮುರಿಯುವ ಹಂತಕ್ಕೆ ಬಂದಿದೆ ಎಂದು ಅರ್ಥವೇ?

ಖಂಡಿತ ಇಲ್ಲ. ಆದರೆ ನಮ್ಮಲ್ಲಿ ಹೆಚ್ಚಿನವರು ಬರುವುದು ಬಹಳ ತಡವಾಗಿ ಎಂಬುದು ನಿಜ. ಹಿರಿಯರ ಪಂಚಾಯಿತಿ ಮುಗಿದು, ಜಾತಕವನ್ನು ಮತ್ತೊಮ್ಮೆ ತೋರಿಸಿ, ವಕೀಲರ ನೋಟಿಸು ಕೈಗೆ ಬಂದ ಮೇಲೆ ಕೊನೆಯ ಪ್ರಯತ್ನವೆಂದು ನಮ್ಮ ಬಾಗಿಲಿಗೆ ಬರುತ್ತಾರೆ. ಕೆಲವರನ್ನು ನ್ಯಾಯಾಲಯವೇ ಕಳಿಸುತ್ತದೆ, ಏಕೆಂದರೆ 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯು ಪ್ರಕರಣವನ್ನು ತೀರ್ಮಾನಿಸುವ ಮೊದಲು ರಾಜಿಗೆ ಸಾಧ್ಯವಿರುವ ಕಡೆ ಪ್ರಯತ್ನಿಸಬೇಕೆಂದು ನ್ಯಾಯಾಧೀಶರಿಗೆ ವಿಧಿಸಿದೆ. ಜ್ವರ ಬಂದ ಮೂರನೆಯ ದಿನ ವೈದ್ಯರಲ್ಲಿಗೆ ಹೋಗುವ ನಾವು, ಮನೆಯಲ್ಲಿ ಮೂರು ವರ್ಷ ಮಾತು ನಿಂತಿದ್ದರೂ ಕಾಯುತ್ತೇವೆ.

ಮನೆಯವರನ್ನೆಲ್ಲ ಕೂರಿಸಿಕೊಂಡು ಚಿಕಿತ್ಸೆ ಮಾಡುವುದು ಹೊರದೇಶದಿಂದ ಬಂದ ಪದ್ಧತಿ, ನಮಗೆ ಒಗ್ಗುವುದಿಲ್ಲ ಎನ್ನುವವರಿಗೆ ಒಂದು ಸಂಗತಿ ಹೇಳಬೇಕು. 1950ರ ದಶಕದಲ್ಲಿಯೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರನ್ನು ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ಉಳಿಸಿಕೊಂಡು, ಅವರನ್ನೂ ಚಿಕಿತ್ಸೆಯಲ್ಲಿ ಸೇರಿಸಿಕೊಂಡಿದ್ದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಚಿಕಿತ್ಸೆಯ ಕೆಲಸ ದಶಕಗಳಿಂದ ನಡೆದಿದೆ.

ನನ್ನ ಗಂಡ ಬರಲು ಒಪ್ಪುತ್ತಿಲ್ಲ. ನಾನೊಬ್ಬಳೇ ಬಂದರೆ ಪ್ರಯೋಜನವಿದೆಯೇ?

ಇದೆ. ಇಬ್ಬರ ನಡುವಿನ ಜಗಳದಲ್ಲಿ ಒಬ್ಬರು ಉತ್ತರಿಸುವ ರೀತಿ ಬದಲಾದರೆ ಇನ್ನೊಬ್ಬರ ಹಳೆಯ ಮಾತಿಗೆ ಹಿಡಿತ ಸಿಗುವುದಿಲ್ಲ. ಅವರನ್ನು ಕರೆಯುವಾಗ “ನಿಮ್ಮನ್ನು ಸರಿಮಾಡಿಸಬೇಕು” ಎಂಬ ಧ್ವನಿ ಬರದಂತೆ ನೋಡಿಕೊಳ್ಳಿ. “ರೀ, ನನಗೆ ತುಂಬಾ ಕಷ್ಟವಾಗ್ತಿದೆ, ಒಂದು ಸಲ ನನ್ನ ಜೊತೆ ಬನ್ನಿ, ನಿಮ್ಮ ಮಾತನ್ನೂ ಅವರು ಕೇಳಲಿ” ಎಂದರೆ ಬರುವ ಸಾಧ್ಯತೆ ಹೆಚ್ಚು. ಬಹಳಷ್ಟು ಗಂಡಸರು ಹೆದರುವುದು ಅಲ್ಲಿ ತಾವು ಆರೋಪಿಯ ಸ್ಥಾನದಲ್ಲಿ ಕೂರಬೇಕಾಗುತ್ತದೆ ಎಂದು. ಆ ಹೆದರಿಕೆಯನ್ನು ಹಗುರವಾಗಿ ಕಾಣಬಾರದು.

ನಮ್ಮಿಬ್ಬರ ನಡುವೆ ಅದೇ ಜಗಳ ವರ್ಷಗಟ್ಟಲೆ ನಡೆಯುತ್ತಿದೆ. ಇದು ಮುಗಿಯುವುದೇ ಇಲ್ಲವೇ?

ಕೆಲವು ಜಗಳಗಳು ಮುಗಿಯುವುದಿಲ್ಲ. ಒಬ್ಬರಿಗೆ ಕೈಯಲ್ಲಿ ನಾಲ್ಕು ಕಾಸು ಉಳಿದರೆ ನೆಮ್ಮದಿ, ಇನ್ನೊಬ್ಬರಿಗೆ ನಾಲ್ಕು ಜನರನ್ನು ಕರೆದು ಉಣಬಡಿಸಿದರೆ ನೆಮ್ಮದಿ. ಇಂಥ ಸ್ವಭಾವಭೇದ ಎಪ್ಪತ್ತನೆಯ ವಯಸ್ಸಿನಲ್ಲಿಯೂ ಹಾಗೆಯೇ ಇರುತ್ತದೆ. “ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ” ಎಂದು ನಮ್ಮ ಹಿರಿಯರು ಹೇಳಿದ್ದು, ಭೇದ ಉಳಿದರೂ ಅಂದಿನ ಜಗಳ ಅಂದೇ ಆರಬಹುದು ಎಂಬುದನ್ನು ಕಂಡೇ ಇರಬೇಕು. ಚೆನ್ನಾಗಿ ಬಾಳುವ ದಂಪತಿಗಳಲ್ಲಿಯೂ ಭಿನ್ನಾಭಿಪ್ರಾಯ ಉಳಿದಿರುತ್ತದೆ, ಆದರೆ ಅದರ ಬಗ್ಗೆ ಮಾತಾಡುವಾಗ ಒಬ್ಬರನ್ನೊಬ್ಬರು ಗಾಯಗೊಳಿಸುವುದಿಲ್ಲ.

ಅಮೆರಿಕದ ಮನೋವಿಜ್ಞಾನಿ ಜಾನ್ ಗಾಟ್‌ಮನ್ ದಂಪತಿಗಳ ಸಂಭಾಷಣೆಯನ್ನು ಪ್ರಯೋಗಾಲಯದಲ್ಲಿ ದಾಖಲಿಸಿ, ಮುಖಭಾವ ಮತ್ತು ನಾಡಿಮಿಡಿತವನ್ನೂ ಅಳೆದು, ಸಂಬಂಧವನ್ನು ಕೊರೆಯುವ ನಾಲ್ಕು ನಡವಳಿಕೆಗಳನ್ನು ಗುರುತಿಸಿದರು: ತಪ್ಪನ್ನು ಬಿಟ್ಟು ವ್ಯಕ್ತಿಯನ್ನೇ ದೂಷಿಸುವುದು, ತಿರಸ್ಕಾರ, ಎದುರಿನವರ ಮಾತು ಮುಗಿಯುವ ಮೊದಲೇ ತನ್ನನ್ನು ಸಮರ್ಥಿಸಿಕೊಳ್ಳುವುದು, ಗೋಡೆಯಂತೆ ಸುಮ್ಮನಾಗಿಬಿಡುವುದು. ಇವುಗಳಲ್ಲಿ ತಿರಸ್ಕಾರವೇ ಹೆಚ್ಚು ಅಪಾಯಕಾರಿ ಎಂಬುದು ಅವರ ತೀರ್ಮಾನ, ನನ್ನ ಅನುಭವವೂ ಅದೇ. ನಮ್ಮ ಮನೆಗಳಲ್ಲಿ ತಿರಸ್ಕಾರ ಬರುವುದು ತವರಿನ ಹೆಸರಿನಲ್ಲಿ. “ಗ್ಯಾಸ್ ಮುಗಿದಿದೆ ಎಂದು ನಿನ್ನೆಯೇ ಹೇಳಬಾರದಿತ್ತೇ” ಎಂಬುದು ದೂರು. “ನಿಮ್ಮ ಮನೆಯಲ್ಲಿ ಇಷ್ಟೇ ಕಲಿಸಿದ್ದು” ಎಂಬುದು ತಿರಸ್ಕಾರ. ಮೊದಲನೆಯದು ಸಂಜೆಗೆ ಮರೆತುಹೋಗುತ್ತದೆ. ಎರಡನೆಯದನ್ನು ಇಪ್ಪತ್ತು ವರ್ಷಗಳ ನಂತರವೂ ದಿನಾಂಕ ಸಮೇತ ನೆನಪಿಟ್ಟುಕೊಂಡು ನನ್ನೆದುರು ಹೇಳಿದವರಿದ್ದಾರೆ.

ಜಗಳ ಶುರುವಾದರೆ ಇವರು ಎದ್ದು ಹೊರಗೆ ಹೋಗಿಬಿಡುತ್ತಾರೆ. ಇದು ನನ್ನನ್ನು ಕಡೆಗಣಿಸಿದಂತಲ್ಲವೇ?

ನಿಮಗೆ ಹಾಗೆ ಅನಿಸುವುದು ಸಹಜ. ಆದರೆ ಸಿಟ್ಟು ಏರಿದಾಗ ಎದೆಬಡಿತ ಹೆಚ್ಚಾಗಿ, ಕೇಳಿದ್ದನ್ನು ಅರ್ಥಮಾಡಿಕೊಳ್ಳುವ ಶಕ್ತಿಯೇ ಕುಗ್ಗುತ್ತದೆ. ಆ ಸ್ಥಿತಿಯಿಂದ ಮೈ ಇಳಿಯಲು ಕನಿಷ್ಠ 20 ನಿಮಿಷ ಬೇಕು. ಎದ್ದು ಹೋಗುವುದು ತಪ್ಪಲ್ಲ, ಹೇಳದೆ ಹೋಗುವುದು ಮತ್ತು ಹೋದವರು ಆ ವಿಷಯಕ್ಕೆ ಮರಳಿ ಬರದಿರುವುದು ತಪ್ಪು. “ಈಗ ನನ್ನಿಂದ ಆಗುತ್ತಿಲ್ಲ, ಊಟವಾದ ಮೇಲೆ ಕೂತು ಮಾತಾಡೋಣ” ಎಂದು ಹೇಳಿ ಹೋಗಬೇಕು, ಊಟವಾದ ಮೇಲೆ ತಾನೇ ಆ ಮಾತನ್ನು ಎತ್ತಬೇಕು. ದಿನಗಟ್ಟಲೆ ಮುಂದುವರಿಯುವ ಮೌನ ಬೇರೆ. ಮಗುವಿನ ಕೈಯಲ್ಲಿ “ಅಮ್ಮನಿಗೆ ಹೇಳು, ಅಪ್ಪನಿಗೆ ಹೇಳು” ಎಂದು ಮಾತು ಕಳಿಸುವ ಮನೆಗಳಲ್ಲಿ ಹೆಚ್ಚು ನೋವು ತಿನ್ನುವುದು ಆ ಮಗು.

ತಾಯಿ (ಅಥವಾ ಅತ್ತೆ) ಮತ್ತು ಹೆಂಡತಿಯ ನಡುವೆ ಸಿಕ್ಕಿಕೊಂಡಿದ್ದೇನೆ. ಯಾರ ಪರ ನಿಲ್ಲಬೇಕು?

ನಮ್ಮಲ್ಲಿ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಮಗನ ಬಾಯಿಂದಲೂ ಬರುತ್ತದೆ, ಮನೆಯಳಿಯನ ಬಾಯಿಂದಲೂ ಬರುತ್ತದೆ; ಇಲ್ಲಿ ತಾಯಿಯ ಜೊತೆ ಇರುವ ಮಗನನ್ನು ಇಟ್ಟುಕೊಂಡು ಉತ್ತರಿಸುತ್ತೇನೆ, ಅಳಿಯನಿಗೂ ಇದರ ಹೆಚ್ಚಿನ ಭಾಗ ಅನ್ವಯಿಸುತ್ತದೆ.

ಒಂದು ಮನೆಯಲ್ಲಿ ಜಗಳ ಶುರುವಾದದ್ದು ಸೊಸೆ ಅಂಗಡಿಯಿಂದ ಸಾರಿನಪುಡಿ ತಂದಿಟ್ಟಳು ಎಂಬುದರಿಂದ. ಮಗನಿಗೆ ಇದು ಕ್ಷುಲ್ಲಕ. ಆದರೆ ಆ ತಾಯಿ ಹದಿನೆಂಟು ತುಂಬುವ ಹೊತ್ತಿಗೆ ಆ ಮನೆಗೆ ಬಂದವರು, ಎಲ್ಲರೂ ಉಂಡ ಮೇಲೆ ಉಂಡವರು, ತಮ್ಮ ಅತ್ತೆಯ ಕೈಕೆಳಗೆ ಹದಿನೈದು ವರ್ಷ ದುಡಿದ ಮೇಲೆ ಆ ಅಡುಗೆಮನೆಯ ಡಬ್ಬಿಗಳನ್ನು ತಮ್ಮಿಚ್ಛೆಯಂತೆ ಜೋಡಿಸುವ ಅಧಿಕಾರ ಪಡೆದವರು. ಹೊಲ ಮನೆ ಯಾವುದೂ ಅವರ ಹೆಸರಿನಲ್ಲಿಲ್ಲ. ಅವರು ಗಳಿಸಿದ್ದು ಅದೊಂದನ್ನೇ. ಇತ್ತ ಸೊಸೆ ಬೆಳಿಗ್ಗೆ ಏಳೂವರೆಗೆ ಕಂಪನಿಯ ಬಸ್ಸು ಹಿಡಿಯಬೇಕಾದವಳು, ಪುಡಿ ಹುರಿದು ಕುಟ್ಟಲು ಸಮಯವಿಲ್ಲದವಳು, ತಾನು ಸಂಬಳ ತರುತ್ತಿದ್ದರೂ ಈ ಮನೆಯಲ್ಲಿ ಒಂದು ಡಬ್ಬಿ ಇಡುವ ಜಾಗವೂ ತನ್ನದಲ್ಲ ಎಂದು ಕುಗ್ಗಿದವಳು. “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ” ಎಂಬ ಗಾದೆ ಇಬ್ಬರನ್ನೂ ಸರದಿಗೆ ನಿಲ್ಲಿಸುತ್ತದೆ. ಇಬ್ಬರಿಗೂ ಒಂದೇ ಕಾಲದಲ್ಲಿ ಜಾಗ ಮಾಡುವುದು ಹೇಗೆ ಎಂದು ಅದು ಹೇಳುವುದಿಲ್ಲ.

ಕುಟುಂಬ ಚಿಕಿತ್ಸೆಯ ಆದ್ಯರಲ್ಲಿ ಒಬ್ಬರಾದ ಮರ್ರೆ ಬೋವೆನ್, ಇಬ್ಬರ ನಡುವಿನ ಒತ್ತಡ ತಡೆಯಲಾರದಷ್ಟಾದಾಗ ಅವರು ಮೂರನೆಯವರನ್ನು ಎಳೆದುಕೊಳ್ಳುತ್ತಾರೆ, ಆಗ ಅದೊಂದು ತ್ರಿಕೋನವಾಗುತ್ತದೆ ಎಂದು ವಿವರಿಸಿದರು. ನಮ್ಮ ಮನೆಗಳಲ್ಲಿ ಆ ಮೂರನೆಯವನು ಮಗ. ತಾಯಿಯ ದೂರನ್ನು ರಾತ್ರಿ ಹೆಂಡತಿಗೆ ಮುಟ್ಟಿಸುತ್ತಾನೆ, ಹೆಂಡತಿಯ ದೂರನ್ನು ಬೆಳಿಗ್ಗೆ ತಾಯಿಗೆ ಮುಟ್ಟಿಸುತ್ತಾನೆ, ಇಬ್ಬರಿಗೂ “ನೀನೇ ಸ್ವಲ್ಪ ಸಹಿಸಿಕೋ” ಎನ್ನುತ್ತಾನೆ. ತಾನು ಶಾಂತಿ ಕಾಯುತ್ತಿದ್ದೇನೆ ಎಂದು ಅವನು ಪ್ರಾಮಾಣಿಕವಾಗಿ ನಂಬಿರುತ್ತಾನೆ.

ಆದ್ದರಿಂದ ಪಕ್ಷ ವಹಿಸುವ ಮೊದಲು ದೂರು ಸಾಗಿಸುವುದನ್ನು ನಿಲ್ಲಿಸಿ. ತಾಯಿ ಹೇಳಿದ್ದನ್ನು ಕೇಳಿಸಿಕೊಳ್ಳಿ, ಅವರ ನೋವನ್ನು ಒಪ್ಪಿಕೊಳ್ಳಿ, ಆದರೆ ಅದನ್ನು ಹೆಂಡತಿಯ ಬಳಿ ಒಯ್ಯಬೇಡಿ. ಹಣ, ಮಕ್ಕಳ ಶಾಲೆ, ರಜೆಗೆ ಎಲ್ಲಿಗೆ ಹೋಗುವುದು ಮುಂತಾದ ದಂಪತಿಗಳ ವಿಷಯವನ್ನು ಮೊದಲು ಹೆಂಡತಿಯ ಜೊತೆ ನಿರ್ಧರಿಸಿ, ನಂತರ ತಾಯಿಗೆ ನೀವೇ ಹೇಳಿ. “ಅಮ್ಮ, ಇದು ನಾವಿಬ್ಬರೂ ಕೂತು ತೀರ್ಮಾನಿಸಿದ್ದು. ನಿನಗೆ ಬೇಸರವಾಗಿದ್ದರೆ ನನ್ನನ್ನು ಬೈ, ಅವಳನ್ನು ಬೇಡ” ಎಂದು ಹೇಳಬಲ್ಲ ಮಗ ತಾಯಿಯನ್ನು ಕಳೆದುಕೊಳ್ಳುವುದಿಲ್ಲ, ಕೆಲವು ದಿನ ಅವರು ಮುನಿಸಿಕೊಳ್ಳಬಹುದು. ಅದೇ ಹೊತ್ತಿಗೆ ತಾಯಿಯ ಜೊತೆ ನಿಮ್ಮದೇ ಆದ ಸಮಯ ಇರಲಿ. ಮದುವೆಯಾದ ಮೇಲೆ ಮಗ ತನ್ನ ಜೊತೆ ಹತ್ತು ನಿಮಿಷ ಕೂತು ಕಾಫಿ ಕುಡಿದದ್ದೇ ಇಲ್ಲ ಎಂಬ ಕೊರಗು ಸೊಸೆಯ ಮೇಲಿನ ದೂರಾಗಿ ಹೊರಬರುವುದನ್ನು ನಾನು ಬಹಳ ಸಲ ಕಂಡಿದ್ದೇನೆ.

ಬೇರೆ ಮನೆ ಮಾಡಬಹುದೇ ಎಂದು ಕೇಳುತ್ತಾರೆ. ಮಾಡಬಹುದು. ಅದು ಪಾಪವಲ್ಲ. ಆದರೆ ಮಗ ದೂರು ಸಾಗಿಸುವುದನ್ನು ಬಿಡದಿದ್ದರೆ, ಆ ಜಗಳ ಫೋನಿನಲ್ಲಿ ಮುಂದುವರಿಯುತ್ತದೆ.

ಬಾಣಂತನಕ್ಕೆ ತವರಿಗೆ ಹೋಗಿ ಬಂದ ಮೇಲೆ ನಮ್ಮಿಬ್ಬರ ನಡುವೆ ಏನೋ ಸರಿಯಿಲ್ಲ. ಏಕೆ?

ಬಾಣಂತನದಲ್ಲಿ ತಾಯಿಗೆ ಸಿಗುವ ಎಣ್ಣೆನೀರು, ಆರೈಕೆ, ವಿಶ್ರಾಂತಿ ಬಹಳ ಬೆಲೆಯುಳ್ಳದ್ದು. ಆದರೆ ಆ ಮೂರು ಅಥವಾ ಐದು ತಿಂಗಳಲ್ಲಿ ಒಬ್ಬಳು ತಾಯಿಯಾಗಿ ಬದಲಾಗುತ್ತಾಳೆ, ಇನ್ನೊಬ್ಬನು ಶನಿವಾರ ಬಸ್ಸು ಹತ್ತಿ ಬಂದು ಭಾನುವಾರ ಮರಳುವ ನೆಂಟನಾಗಿಯೇ ಉಳಿಯುತ್ತಾನೆ. ಮಗುವನ್ನು ಎತ್ತಿಕೊಳ್ಳುವುದಕ್ಕೂ ಅವನಿಗೆ ಅಳುಕು. ಮರಳಿ ಬಂದ ದಿನದಿಂದ ಮಗುವಿನ ಒಂದು ಕೆಲಸವನ್ನು ಸಂಪೂರ್ಣವಾಗಿ ತಂದೆಗೆ ಬಿಟ್ಟುಕೊಡಿ. ತಪ್ಪು ಮಾಡಿದರೂ ಕೈಯಿಂದ ಕಿತ್ತುಕೊಳ್ಳಬೇಡಿ.

ಎರಡು ವಾರಕ್ಕೂ ಹೆಚ್ಚು ಕಾಲ ಬಾಣಂತಿಗೆ ಅಳು, ಮಗು ಮಲಗಿದಾಗಲೂ ನಿದ್ದೆ ಬಾರದಿರುವುದು, ಮಗುವಿನ ಬಗ್ಗೆ ಏನೂ ಅನಿಸದಿರುವುದು ಇದ್ದರೆ ಅದು ಹೆರಿಗೆಯ ನಂತರದ ಖಿನ್ನತೆಯಾಗಿರಬಹುದು, ಅದಕ್ಕೆ ಚಿಕಿತ್ಸೆಯಿದೆ. ಸಾಯುವ ಯೋಚನೆ, ಮಗುವಿಗೆ ಏನಾದರೂ ಮಾಡಿಬಿಡುವೆನೆಂಬ ಯೋಚನೆ, ಇಲ್ಲದ ದನಿ ಕೇಳುವುದು ಇದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಮದುವೆಯಾಗಿ ಎರಡು ವರ್ಷ. “ವಿಶೇಷ ಏನಾದರೂ ಇದೆಯಾ” ಎಂಬ ಪ್ರಶ್ನೆ ತಾಳಲಾಗುತ್ತಿಲ್ಲ.

ಗರ್ಭನಿರೋಧಕವಿಲ್ಲದೆ ನಿಯಮಿತವಾಗಿ ಕೂಡಿದರೂ 12 ತಿಂಗಳಲ್ಲಿ ಗರ್ಭ ನಿಲ್ಲದಿದ್ದರೆ ತಪಾಸಣೆ ಬೇಕು. ಹೆಣ್ಣಿನ ವಯಸ್ಸು 35 ದಾಟಿದ್ದರೆ 6 ತಿಂಗಳಿಗೇ ಹೋಗಬೇಕು. ಇಬ್ಬರೂ ಹೋಗಬೇಕು. ಪುರುಷನ ವೀರ್ಯಪರೀಕ್ಷೆ ಸರಳವಾದದ್ದು, ಆದರೂ ಹೆಣ್ಣನ್ನು ಎಷ್ಟೋ ಆಸ್ಪತ್ರೆಗಳಿಗೂ ಹರಕೆಗಳಿಗೂ ಅಲೆಸಿದ ನಂತರವಷ್ಟೇ ಅದಕ್ಕೆ ಒಪ್ಪುವ ಮನೆಗಳಿವೆ. ಇದು ಅನ್ಯಾಯ.

ಇನ್ನು ಕೆಲವು ದಂಪತಿಗಳಲ್ಲಿ ಕೂಡುವಿಕೆಯೇ ಸಾಧ್ಯವಾಗಿರುವುದಿಲ್ಲ. ಭಯದಿಂದ ಹೆಣ್ಣಿನ ಸ್ನಾಯುಗಳು ತಾವಾಗಿಯೇ ಬಿಗಿದುಕೊಳ್ಳುವುದು, ಗಂಡಸಿನ ಆತಂಕ, ಇವೆರಡಕ್ಕೂ ಚಿಕಿತ್ಸೆಯಿದೆ, ಫಲಿತಾಂಶವೂ ಚೆನ್ನಾಗಿದೆ. ಹೇಳಿಕೊಳ್ಳಲು ನಾಚಿಕೆಯಾದರೆ ಒಂದು ಚೀಟಿಯಲ್ಲಿ ಬರೆದು ಕೊಡಿ. ಹಾಗೆ ಕೊಟ್ಟವರು ಬಹಳ ಮಂದಿ ಇದ್ದಾರೆ.

ಸಂಗಾತಿಯ ಮೊಬೈಲ್ ನೋಡುವುದು ತಪ್ಪೇ? ಅದರಲ್ಲಿ ಇನ್ನೊಂದು ಸಂಬಂಧ ಗೊತ್ತಾದರೆ ಏನು ಮಾಡಬೇಕು?

ಕದ್ದು ನೋಡುವುದರಿಂದ ಸಂಶಯ ತೀರುವುದಿಲ್ಲ. ಏನೂ ಸಿಗದಿದ್ದರೆ ಅಳಿಸಿಹಾಕಿರಬೇಕು ಎಂದು ಮನಸ್ಸು ಹೇಳುತ್ತದೆ. ಸಂಶಯ ಬಂದಿದೆ ಎಂಬ ಮಾತನ್ನೇ ನೇರವಾಗಿ ಹೇಳುವುದು ಕಷ್ಟವಾದರೂ ಮೇಲು.

ಸಂಬಂಧ ನಿಜವೆಂದು ತಿಳಿದಾಗ ಮೊದಲ ಕೆಲವು ವಾರಗಳಲ್ಲಿ ಯಾವ ದೊಡ್ಡ ತೀರ್ಮಾನವನ್ನೂ ತೆಗೆದುಕೊಳ್ಳಬೇಡಿ, ಎರಡೂ ಕಡೆಯ ಬಂಧುಬಳಗಕ್ಕೆ ಅದೇ ರಾತ್ರಿ ಫೋನು ಮಾಡಬೇಡಿ. ಮುಂದೆ ನೀವು ಕ್ಷಮಿಸಿ ಒಟ್ಟಿಗೆ ಬಾಳಲು ನಿರ್ಧರಿಸಿದರೂ ನಿಮ್ಮ ಅಣ್ಣಂದಿರು ಕ್ಷಮಿಸುವುದಿಲ್ಲ. ನಂಬುವ ಒಬ್ಬರಿಗೆ ಹೇಳಿಕೊಂಡರೆ ಸಾಕು. ತಪ್ಪು ಮಾಡಿದವರು ಆ ಸಂಬಂಧವನ್ನು ಸಂಪೂರ್ಣ ಕೊನೆಗೊಳಿಸದೆ ಚಿಕಿತ್ಸೆ ಮುಂದೆ ಸಾಗುವುದಿಲ್ಲ, ಮತ್ತು “ಎಷ್ಟು ಸಲ ಅದನ್ನೇ ಕೇಳುತ್ತೀ” ಎಂದು ಸಿಡುಕುವ ಹಕ್ಕು ಬಹಳ ಕಾಲ ಅವರಿಗಿರುವುದಿಲ್ಲ.

ನಾವು ಬೇರೆ ಬೇರೆ ಜಾತಿಯವರು. ಮನೆಯಲ್ಲಿ ಒಪ್ಪುತ್ತಿಲ್ಲ. ಕಾಯಬೇಕೇ, ಮದುವೆಯಾಗಿಬಿಡಬೇಕೇ?

ವಯಸ್ಕರಾದ ಇಬ್ಬರು ಮದುವೆಯಾಗಲು ತೀರ್ಮಾನಿಸಿದರೆ ಕುಟುಂಬದ ಅಥವಾ ಸಮುದಾಯದ ಒಪ್ಪಿಗೆ ಅಗತ್ಯವಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ 2021ರಲ್ಲಿ ಅದನ್ನು ಮತ್ತೆ ಎತ್ತಿ ಹಿಡಿಯಿತು. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವುದಾದರೆ 30 ದಿನಗಳ ನೋಟಿಸಿನ ಅವಧಿಯಿದೆ, ಅದನ್ನು ಕಚೇರಿಯಲ್ಲಿ ಪ್ರಕಟಿಸುತ್ತಾರೆ ಎಂಬುದು ನಿಮಗೆ ಮೊದಲೇ ತಿಳಿದಿರಲಿ.

ಕಾಯಬಹುದೇ ಎಂಬುದು ನಿಮ್ಮ ಮನೆಯಲ್ಲಿ ಇರುವುದು ದುಃಖವೋ ಬೆದರಿಕೆಯೋ ಎಂಬುದರ ಮೇಲೆ ನಿಂತಿದೆ. ತಾಯಿ ಊಟ ಬಿಟ್ಟಿದ್ದಾರೆ, ತಂದೆ ಮಾತು ಬಿಟ್ಟಿದ್ದಾರೆ ಎಂದರೆ ಮಾತುಕತೆಗೆ ಅವಕಾಶವಿದೆ; ಮನೆಯಲ್ಲಿ ಮನಸ್ಸು ಸ್ವಲ್ಪ ಮೆತ್ತಗಿರುವ ಸೋದರಮಾವನನ್ನೋ ಅತ್ತಿಗೆಯನ್ನೋ ಹುಡುಕಿ ಅವರ ಮೂಲಕ ಆರಂಭಿಸಿ. ಕೂಡಿಹಾಕುವುದು, ಫೋನು ಕಿತ್ತುಕೊಳ್ಳುವುದು, ಕೊಲ್ಲುವ ಮಾತು ಇದ್ದರೆ ಕಾಯಬೇಡಿ. 112ಕ್ಕೆ ಕರೆಮಾಡಿ ಸುರಕ್ಷಿತ ಜಾಗಕ್ಕೆ ಹೋಗಿ.

ಗಂಡ ಕುಡಿಯುತ್ತಾರೆ. ಬಿಡಿಸುವುದು ಹೇಗೆ?

ಕುಡಿದಿರುವಾಗ ಬುದ್ಧಿ ಹೇಳಬೇಡಿ. ಮಾರನೆಯ ಬೆಳಿಗ್ಗೆ, ನಶೆ ಇಳಿದ ಮೇಲೆ, ನಡೆದದ್ದನ್ನಷ್ಟೇ ಹೇಳಿ. ಅವರ ಪರವಾಗಿ ಕಚೇರಿಗೆ ಸುಳ್ಳು ಹೇಳುವುದನ್ನು, ಸಾಲ ತೀರಿಸುವುದನ್ನು ನಿಲ್ಲಿಸಿ. ಪ್ರತಿದಿನ ಬೆಳಿಗ್ಗೆಯಿಂದಲೇ ಕುಡಿಯುವವರು ದೇವರ ಆಣೆ ಹಾಕಿ ಒಮ್ಮೆಲೇ ಬಿಡುವುದು ಅಪಾಯ. ಕೈನಡುಕದಿಂದ ಆರಂಭವಾಗಿ ಅಪಸ್ಮಾರ, ಭ್ರಮೆ, ಪ್ರಾಣಾಪಾಯದವರೆಗೆ ಹೋಗಬಹುದು. ವೈದ್ಯರ ನಿಗಾದಲ್ಲಿಯೇ ಬಿಡಿಸಬೇಕು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446.

ಹೊಡೆಯುತ್ತಾರೆ. ಇಬ್ಬರೂ ಒಟ್ಟಿಗೆ ಸಮಾಲೋಚನೆಗೆ ಬರಬಹುದೇ?

ಬೇಡ. ಹೊಡೆಯುವವನ ಎದುರಿಗೆ ನಿಜ ಹೇಳಿದ ಹೆಣ್ಣು ಮನೆಗೆ ಹೋದ ಮೇಲೆ ಅದರ ಬೆಲೆ ತೆರುತ್ತಾಳೆ. ಈ ಪುಟದಲ್ಲಿ ನೇರವಾಗಿ ಮಾತಾಡಿ ಎಂದು ನಾನು ಎಷ್ಟು ಸಲ ಹೇಳಿದ್ದರೂ, ಹಿಂಸೆಯಿರುವ ಮನೆಗೆ ಆ ಸಲಹೆ ಅನ್ವಯಿಸುವುದಿಲ್ಲ. ಒಬ್ಬರೇ ಬನ್ನಿ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯು ಹೊಡೆತವನ್ನಷ್ಟೇ ಅಲ್ಲದೆ ಬೈಗುಳ, ಹಣ ಕೊಡದೆ ಸತಾಯಿಸುವುದು, ಲೈಂಗಿಕ ಹಿಂಸೆಯನ್ನೂ ಒಳಗೊಳ್ಳುತ್ತದೆ. ಮನೆ ಗಂಡನ ಹೆಸರಿನಲ್ಲಿಲ್ಲ, ಮಾವನ ಹೆಸರಿನಲ್ಲಿದೆ ಎಂಬ ಕಾರಣಕ್ಕೆ ನಿಮ್ಮನ್ನು ಹೊರಹಾಕಬಹುದು ಎಂದುಕೊಳ್ಳಬೇಡಿ; ಅತ್ತೆಮಾವನ ಮನೆಯೂ ನೀವು ಬಾಳಿದ ಮನೆಯಾಗಿರಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದೆ. ಮಹಿಳಾ ಸಹಾಯವಾಣಿ 181. ಆಧಾರ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರಗಳ ಪ್ರತಿಗಳನ್ನು ನಂಬಿಕೆಯವರ ಮನೆಯಲ್ಲಿಡಿ.

ತವರಿನ ಆಸ್ತಿಗೆ ಸಹಿ ಹಾಕು ಎನ್ನುತ್ತಿದ್ದಾರೆ. ಪಾಲು ಕೇಳಿದರೆ ತವರೇ ಇಲ್ಲವಾಗುತ್ತದೆ ಎಂಬ ಭಯ.

“ಕೊಟ್ಟ ಹೆಣ್ಣು ಕುಲಕ್ಕೆ ಹೊರಗು” ಎಂಬ ಗಾದೆಯನ್ನು ಕಾನೂನು ಎಂದೋ ತಳ್ಳಿಹಾಕಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಹಕ್ಕಿಗಾಗಿ ಕರ್ನಾಟಕ 1994ರಲ್ಲಿಯೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದಿತು, 2005ರಲ್ಲಿ ದೇಶಕ್ಕೆಲ್ಲ ತಿದ್ದುಪಡಿ ಬಂತು, ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದರೆ ನನ್ನ ಮುಂದೆ ಕೂತು ಅಳುವ ಅಕ್ಕತಂಗಿಯರಿಗೆ ಕಾನೂನು ಗೊತ್ತಿರುತ್ತದೆ. ಗೌರಿ ಹಬ್ಬಕ್ಕೆ ಬಾಗಿನ ತರುವ ಅಣ್ಣ ಇನ್ನು ಬರುವುದಿಲ್ಲವೆಂಬುದೇ ಅವರ ಭಯ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದೋ ಬಿಡುವುದೋ ನಿಮ್ಮ ಇಚ್ಛೆ, ಆದರೆ ಮದುವೆ ಮನೆಯ ಗಡಿಬಿಡಿಯಲ್ಲಿ, ತಂದೆಯ ವೈಕುಂಠ ಸಮಾರಾಧನೆಯ ಮರುದಿನ, ಓದದೆ ಸಹಿ ಹಾಕಬೇಡಿ. ಸಮಯ ಕೇಳಿ. ಅಣ್ಣನ ಹತ್ತಿರವೇ ಕೇಳಿ, ಅತ್ತಿಗೆಯ ಮೂಲಕ ಹೇಳಿಸಬೇಡಿ.

ಒಳ್ಳೆಯ ಸಮಾಲೋಚಕರನ್ನು ಗುರುತಿಸುವುದು ಹೇಗೆ? ನಾವು ಹೇಳಿದ್ದು ಗುಟ್ಟಾಗಿ ಉಳಿಯುವುದೇ?

ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಸಂಖ್ಯೆ ಕೇಳುವುದರಲ್ಲಿ ಸಂಕೋಚ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಚಿಕಿತ್ಸೆ ಪಡೆಯುವವರ ಮಾಹಿತಿಯ ಗೋಪ್ಯತೆಯನ್ನು ಹಕ್ಕೆಂದು ಮಾನ್ಯಮಾಡಿದೆ. ಪ್ರಾಣಾಪಾಯ ತಡೆಯುವಂಥ ಕೆಲವೇ ವಿನಾಯಿತಿಗಳಿವೆ. ಮೊದಲ ಭೇಟಿಯಲ್ಲಿಯೇ “ಹೊಂದಿಕೊಂಡು ಹೋಗಮ್ಮ” ಎನ್ನುವವರನ್ನೂ, “ಬಿಟ್ಟುಬಿಡಿ” ಎನ್ನುವವರನ್ನೂ ನಾನು ಶಿಫಾರಸು ಮಾಡಲಾರೆ. ಊರಿನಲ್ಲಿ ಯಾರೂ ಇಲ್ಲದಿದ್ದರೆ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿ ಮಾತಾಡಬಹುದು.

ಮೊದಲ ಭೇಟಿಗೆ ಏನು ತರಬೇಕು?

ವಾಟ್ಸ್‌ಆ್ಯಪ್ ಸಂದೇಶಗಳ ಸ್ಕ್ರೀನ್‌ಶಾಟ್, ರೆಕಾರ್ಡ್ ಮಾಡಿದ ಜಗಳ, ಸಾಕ್ಷಿ ಹೇಳಲು ಭಾವಮೈದುನ, ಇವನ್ನೆಲ್ಲ ತರುವವರಿದ್ದಾರೆ. ಯಾವುದೂ ಬೇಕಿಲ್ಲ. ಒಂದು ಗಂಟೆ ಬಿಡುವು ಮಾಡಿಕೊಂಡು ಬನ್ನಿ. ಚಿಕ್ಕ ಮಗುವಿದ್ದರೆ ಆ ಹೊತ್ತಿಗೆ ಯಾರ ಬಳಿ ಬಿಡುವುದೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಹೊರಗೆ ಬೆಂಚಿನ ಮೇಲೆ ಆಡುತ್ತಿರುವ ಮಗುವಿನ ದನಿ ಕಿವಿಗೆ ಬೀಳುತ್ತಿದ್ದರೆ ತಾಯಂದಿರು ಅಳುವನ್ನು ನುಂಗಿಕೊಂಡು ಕೂರುತ್ತಾರೆ.